ಗೋಡೆಗೆ ಬಣ್ಣ, ಬೊಂಬೆಗೆ ಪೇಟ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿ ಹೋದರು. ಎರಡನ್ನೂ ಮಾಡಿ ದಣಿದ ಮೇಲೆ ಮೂರನೆಯದನ್ನು ಹೇಳಲು ಅವರಿಗೆ ಉಸಿರು ಉಳಿದಿರಲಿಲ್ಲವೆಂದು ತೋರುತ್ತದೆ. ಸಂಸಾರವೆಲ್ಲ ಒಳಗಿರುವಾಗಲೇ ಮನೆಗೆ ಬಣ್ಣ ಹೊಡೆಸಿ ನೋಡು ಎಂಬುದೇ ಆ ಮೂರನೆಯದು. ಮನೆ ಕಟ್ಟಿಸುವಾಗ ನಾವು ಬೇರೊಂದು ಮನೆಯಲ್ಲಿರುತ್ತೇವೆ. ಮದುವೆ ಮಾಡುವಾಗ ಛತ್ರದಲ್ಲಿರುತ್ತೇವೆ. ಬಣ್ಣ ಹೊಡೆಸುವಾಗ ಮಾತ್ರ ಓಡಿಹೋಗಲು ಸ್ಥಳವಿಲ್ಲ. ನಡುಮನೆಯಲ್ಲಿ ಏಣಿ, ಕೋಣೆಯಲ್ಲಿ ನಡುಮನೆಯ ಸಾಮಾನು, ಅಡಿಗೆಮನೆಯಲ್ಲಿ ಕೋಣೆಯ ಹಾಸಿಗೆ. ಇವುಗಳ ನಡುವೆ ಎಲ್ಲಿಯೋ ಒಂದೆಡೆ ಮಕ್ಕಳ ಪಾಠ, ವೃದ್ಧರ ಔಷಧ, ಹಾಲು ಕಾಯಿಸುವ ಪಾತ್ರೆ, ಕಾಲೇಜಿಗೆ ಹೊತ್ತಾಯಿತೆಂದು ಚಪ್ಪಲಿ ಹುಡುಕುವ ಗೃಹಸ್ಥ.

ಆದರೂ ಮನುಷ್ಯನು ಬಣ್ಣ ಹೊಡೆಸುವುದನ್ನು ಬಿಟ್ಟವನಲ್ಲ. ಮನೆಯೆಂಬುದು ಕಟ್ಟಿ ಮುಗಿಸಿದ ವಸ್ತುವಲ್ಲ. ವಾಸ್ತುಶಿಲ್ಪಿಗೆ ಅದು ಗೃಹಪ್ರವೇಶದ ದಿನ ಮುಗಿಯಿತು. ಗೃಹಿಣಿಗೆ ಅಂದು ಮೊದಲಾಯಿತು. ಬೀರುವನ್ನು ಈ ಮೂಲೆಯಿಂದ ಆ ಮೂಲೆಗೆ ಸರಿಸುವುದು, ಹಳೆಯ ಸೀರೆಯನ್ನು ಕಿಟಕಿಯ ಪರದೆ ಮಾಡುವುದು, ಒಡೆದ ಕೊಡದಲ್ಲಿ ದೊಡ್ಡಪತ್ರೆಯನ್ನು ನೆಡುವುದು, ಇವೆಲ್ಲ ಕಲೆಯೆಂದು ಯಾರೂ ಸನ್ಮಾನ ಮಾಡುವುದಿಲ್ಲ. ಆದರೆ ನಮ್ಮ ನಡುವಿನ ಮಧ್ಯಮ ವರ್ಗದ ಸಂಸಾರಗಳಲ್ಲಿ ಕಲೆ ಎಂಬುದು ಬದುಕಿಕೊಂಡು ಬಂದಿರುವುದು ಬಹುಮಟ್ಟಿಗೆ ಈ ದಾರಿಯಲ್ಲಿಯೇ.

ಮೈಸೂರಿನಲ್ಲಿರುವ ನಮ್ಮ ಮನೆಯನ್ನು ನಮ್ಮ ತಂದೆಯವರು 1988ರಲ್ಲಿ ಕಟ್ಟಿಸಿದರು. ಅವರು ಪ್ರೌಢಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯರಾಗಿದ್ದರು. ಕೆಂಪು ಗಾರೆಯ ನೆಲ, ಸುಣ್ಣದ ಗೋಡೆ. ನೆಲಕ್ಕೆ ಬಣ್ಣ ಕೊಡುವ ಕೆಂಪು ಪುಡಿ ಕಬ್ಬಿಣದ ತುಕ್ಕಿನ ಜಾತಿಯದೇ ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ದಸರೆಗೆ ಮೊದಲು ಸುಣ್ಣ ಬಳಿಯುವುದು ಅವರಿಗೆ ಹಬ್ಬದಷ್ಟೇ ದೊಡ್ಡ ಸಮಾರಂಭ. ಸುಣ್ಣದ ಕಲ್ಲುಗಳನ್ನು ತಂದು ಪೀಪಾಯಿಯಲ್ಲಿ ಹಾಕಿ ನೀರು ಹುಯ್ದರೆ, ಬೆಂಕಿಯಿಲ್ಲದೆಯೇ ಅದು ಕೊತಕೊತನೆ ಕುದಿಯುವುದನ್ನು ನೋಡಲು ಬೀದಿಯ ಮಕ್ಕಳೆಲ್ಲ ಸೇರುತ್ತಿದ್ದೆವು. "ದೂರ ನಿಲ್ಲಿ, ಕಣ್ಣಿಗೆ ಸಿಡಿದೀತು" ಎಂದು ಅವರು ಕೋಲು ಹಿಡಿದು ಕಾಯುತ್ತಿದ್ದರು. ಆರಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಒಂದಿಷ್ಟು ಉಪ್ಪು, ಒಂದಿಷ್ಟು ಅಂಟು, ಬೆಳ್ಳಗೆ ಕಾಣಲೆಂದು ಚಿಟಿಕೆ ನೀಲಿ ಬೆರೆಸಿ, ಕತ್ತಾಳೆ ನಾರಿನ ಕುಂಚದಿಂದ ಬಳಿಯುವುದು. ಬಳಿದಾಗ ಬೂದಿಯಂತೆ ಕಾಣುವ ಗೋಡೆ ಒಣಗುತ್ತ ಒಣಗುತ್ತ ಬೆಳಗುತ್ತಿತ್ತು. ಗೋಡೆಯ ಮೇಲಿನ ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಮೆಲ್ಲಗೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆಂಬ ಪಾಠವನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಮೊದಲೇ ನಮ್ಮ ನಡುಮನೆಯಲ್ಲಿ ಕೇಳಿದ್ದೆ. ಕಲ್ಲನ್ನು ಸುಟ್ಟರೆ ಸುಣ್ಣ, ಸುಣ್ಣ ಉಸಿರಾಡಿದರೆ ಕಲ್ಲು. ಅವರಿಗೆ ಇದರಲ್ಲಿ ವೇದಾಂತವೂ ಕಾಣುತ್ತಿತ್ತು.

2022ರ ಜುಲೈ ತಿಂಗಳಿನಲ್ಲಿ ಅವರು ತೀರಿಕೊಂಡರು. ಆ ವರ್ಷ ಮನೆಯಲ್ಲಿ ಹಬ್ಬಗಳಿಲ್ಲ; ಸುಣ್ಣವೂ ಇಲ್ಲ, ಬಣ್ಣವೂ ಇಲ್ಲ. ವರ್ಷಾಬ್ದಿಕವೆಲ್ಲ ಮುಗಿದು, 2023ರ ಗೌರಿ ಗಣೇಶ ಹತ್ತಿರ ಬಂದಾಗ ನನ್ನಾಕೆ ಒಂದು ಸಂಜೆ ಕಾಫಿಯ ಲೋಟವನ್ನು ನನ್ನ ಮುಂದಿರಿಸಿ, "ರೀ, ಈ ಗೋಡೆ ನೋಡಿದ್ದೀರಾ?" ಎಂದಳು. ಗೃಹಸ್ಥರಾದ ಓದುಗರು ಬಲ್ಲರು, ಇದು ಪ್ರಶ್ನೆಯಲ್ಲ, ಆಯವ್ಯಯದ ಮಂಡನೆ. ಗಣೇಶನನ್ನು ಕಳುಹಿಸಿದ ಮೇಲೆ, ಪಿತೃಪಕ್ಷ ಕಾಲಿಡುವ ಮೊದಲು, ಹತ್ತು ದಿನಗಳ ಒಂದು ಕಿಂಡಿಯುಂಟು. ಬಣ್ಣದವನು ಆ ಕಿಂಡಿಯಲ್ಲಿ ಒಳಹೊಕ್ಕು ಹೊರಬೀಳಬೇಕು. ಇಲ್ಲದಿದ್ದರೆ ನವರಾತ್ರಿಯ ಪಾಡ್ಯದವರೆಗೆ ಮನೆ ಅರ್ಧ ಗೋಡೆಯಲ್ಲಿ ನಿಲ್ಲುತ್ತದೆ.

ಬಣ್ಣದ ಆಯ್ಕೆಗೆ ಮನೆಮಂದಿಯೆಲ್ಲ ಸಭೆ ಸೇರಿದೆವು. ಅಂಗಡಿಯಿಂದ ತಂದ ಬಣ್ಣದ ಪುಸ್ತಕದಲ್ಲಿ ನೂರಾರು ಚೌಕಗಳು. ಒಂದೊಂದರ ಕೆಳಗೆ ಒಂದೊಂದು ವಿಲಾಯತಿ ಹೆಸರು. ಕನ್ನಡ ಎಂ. ಎ. ಮಾಡಿದವನು ಮನೆಯಲ್ಲಿರುವಾಗ ಈ ಹೆಸರುಗಳೇಕೆಂದು ನನ್ನಾಕೆ ಹಾಸ್ಯ ಮಾಡಿದಳು. ನಾನು ಪಾಂಡಿತ್ಯವನ್ನು ತೆರೆಯುವುದಕ್ಕೆ ಮೊದಲೇ ನಮ್ಮ ತಾಯಿ ಪುಸ್ತಕವನ್ನು ಕೈಗೆತ್ತಿಕೊಂಡು, "ಇದು ಈರುಳ್ಳಿ ಸಿಪ್ಪೆ, ಇದು ಮಾವಿನ ಚಿಗುರು, ಇದು ಗಿಳಿ ಹಸಿರು, ಇದು ಕಾಫಿಪುಡಿ, ಇದು ನೇರಳೆ, ಇದು ಸೋಸದ ಮಜ್ಜಿಗೆ" ಎಂದು ಒಂದೇ ಉಸಿರಿನಲ್ಲಿ ಹೇಳಿಕೊಂಡು ಹೋದರು. ನಿಘಂಟುಕಾರರು ಕೆಂಪು, ಹಳದಿ, ನೀಲಿಗಳಿಗೆ ಸಂಸ್ಕೃತದ ಪರ್ಯಾಯಗಳನ್ನು ಕೂಡಿಸುತ್ತ ಕುಳಿತಿದ್ದ ಕಾಲದಲ್ಲಿ, ನಮ್ಮ ಹೆಂಗಸರು ಸೀರೆ ಅಂಗಡಿಯ ಜಮಖಾನದ ಮೇಲೆ ಕುಳಿತು ಬಣ್ಣಗಳ ಕನ್ನಡವನ್ನು ಕಟ್ಟಿದ್ದಾರೆ. ತೋಟ, ಅಡಿಗೆಮನೆ, ಹಕ್ಕಿಪಕ್ಷಿಗಳಿಂದ ಎತ್ತಿದ ಮಾತುಗಳು. ಒಂದಕ್ಕೂ ವ್ಯಾಖ್ಯಾನ ಬೇಡ. ಕೊನೆಗೆ ನಡುಮನೆಗೆ ಸೋಸದ ಮಜ್ಜಿಗೆಯೂ ಬೊಂಬೆ ಕೂರಿಸುವ ಗೋಡೆಯೊಂದಕ್ಕೆ ಮಾವಿನ ಚಿಗುರೂ ಗೊತ್ತಾದುವು. ನಮ್ಮ ಆರು ವರ್ಷದ ಮಗ ತನ್ನ ಕೋಣೆಗೆ ಹುಲಿಪಟ್ಟೆ ಬೇಕೆಂದು ಕೇಳಿ, ಬಹುಮತವಿಲ್ಲದೆ ಸೋತನು.

ಬಣ್ಣದವರು ಬಂದರು. ಹಳೆಯ ಸುಣ್ಣದ ಪದರವನ್ನು ಕೆರೆಯದೆ ಮೇಲೆ ಹೊಸ ಬಣ್ಣ ಹಚ್ಚಿದರೆ ಒಂದೇ ಮಳೆಗಾಲದಲ್ಲಿ ಹಪ್ಪಳದಂತೆ ಏಳುವುದೆಂದು ಅವರ ಮೇಸ್ತ್ರಿ ಮೊದಲೇ ಎಚ್ಚರಿಸಿದ. ಆದುದರಿಂದ ಎರಡು ದಿನ ಕೆರೆಯುವುದೇ ಆಯಿತು. ಕೆರೆದಂತೆಲ್ಲ ಗೋಡೆ ತನ್ನ ಚರಿತ್ರೆಯನ್ನು ಹೊರಗಿಟ್ಟಿತು. ಮೇಲೆ ತಿಳಿ ನೀಲಿಯ ಡಿಸ್ಟೆಂಪರು, ಅದರ ಕೆಳಗೆ ತಿಳಿ ಗುಲಾಬಿ, ಅದರಡಿಯಲ್ಲಿ ವರ್ಷಕ್ಕೊಂದರಂತೆ ಸುಣ್ಣದ ಪದರಗಳು. ಶಾಸನಗಳನ್ನು ಓದುವವರಿಗೆ ಆಗುವ ಸಂತೋಷ ನನಗೂ ಆಯಿತು. ಗುಲಾಬಿಯ ಕಾಲದಲ್ಲಿ ನನಗೆ ಉಪನಯನ. ನೀಲಿಯ ಕಾಲದಲ್ಲಿ ಮದುವೆ.

ಮೂರನೆಯ ದಿನ ಕಿಟಕಿಯ ಪಕ್ಕದ ಗೋಡೆಯ ಸರದಿ ಬಂದಿತು. ನಮ್ಮ ತಂದೆಯವರ ಬೆತ್ತದ ಆರಾಮಕುರ್ಚಿ ಇದ್ದುದು ಅಲ್ಲಿಯೇ. ಅವರು ದಿನವೂ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಪತ್ರಿಕೆ ಓದುತ್ತ ಗೋಡೆಗೆ ಒರಗುತ್ತಿದ್ದುದರಿಂದ ಅಲ್ಲೊಂದು ಎಣ್ಣೆಯ ಕಲೆ, ಅಂಗೈಯಗಲ, ನೆಲೆಸಿದ್ದಿತು. ಎಷ್ಟು ಸಲ ಬಣ್ಣ ಹೊಡೆದರೂ ಆರು ತಿಂಗಳಿಗೆ ಮತ್ತೆ ಮೂಡುತ್ತಿತ್ತು. ಮೇಸ್ತ್ರಿ ಮರಳುಕಾಗದವನ್ನು ಕೈಯಲ್ಲಿ ಹಿಡಿದು, "ಎಣ್ಣೆ ಒಳಗೆ ಇಳಿದಿದೆ ಸಾರ್. ಗಾರೆ ಕಾಣುವವರೆಗೆ ಉಜ್ಜಿ ಪ್ರೈಮರ್ ಹಚ್ಚಬೇಕು. ಉಜ್ಜಲೇ?" ಎಂದು ಕೇಳಿದ. ನಾನೂ ನನ್ನಾಕೆಯೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಬಾಗಿಲಲ್ಲಿ ನಿಂತಿದ್ದ ನಮ್ಮ ತಾಯಿ, "ಉಜ್ಜಪ್ಪಾ. ಗೋಡೆಗೆ ಎಣ್ಣೆ ತಾಗಿಸಬೇಡೀಂತ ಅವರಿಗೆ ನಾನು ಮೂವತ್ತು ವರ್ಷ ಹೇಳಿದೆ. ಕೇಳಲಿಲ್ಲ" ಎಂದರು. ಹಾಗೆಂದವರು ಒಳಗೆ ಹೋಗಲಿಲ್ಲ. ಅವನು ಉಜ್ಜಿ ಮುಗಿಸುವವರೆಗೂ ಅಲ್ಲಿಯೇ ನಿಂತಿದ್ದು, ಆಮೇಲೆ ಪೊರಕೆ ತಂದು, ಉದುರಿದ ಪುಡಿಯನ್ನು ತಾವೇ ಗುಡಿಸಿದರು.

ಬಣ್ಣವೇನೋ ಪಿತೃಪಕ್ಷಕ್ಕೆ ಒಂದು ದಿನ ಮೊದಲೇ ಮುಗಿಯಿತು. ನಡುಮನೆ ಹೊಸದಾಗಿ ಕಂಡಿತು. ಆದರೆ ಹೊಸ ಗೋಡೆಯ ಮುಂದೆ ಏನನ್ನಿಡಬೇಕೆಂಬ ಪ್ರಶ್ನೆ ಈಗ ಎದುರಾಯಿತು.

ಹಳೆಯ ಮೈಸೂರಿನ ಕಡೆಯವರಲ್ಲದ ಓದುಗರಿಗಾಗಿ ಇಲ್ಲಿ ನಾಲ್ಕು ಮಾತು ಹೇಳಬೇಕು. ನವರಾತ್ರಿಯಲ್ಲಿ ನಮ್ಮಲ್ಲಿ ಬೊಂಬೆ ಕೂರಿಸುತ್ತಾರೆ. ಮೂರೋ ಐದೋ ಏಳೋ ಒಂಬತ್ತೋ, ಒಟ್ಟಿನಲ್ಲಿ ಬೆಸ ಸಂಖ್ಯೆಯ ಮೆಟ್ಟಿಲು. ಅದರ ಮೇಲೆ ಬಿಳಿಯ ಬಟ್ಟೆ. ಎಲ್ಲಕ್ಕಿಂತ ಮೇಲೆ ಪಟ್ಟದ ಬೊಂಬೆಗಳು. ರಾಜ ರಾಣಿಯರಂತಿರುವ ಈ ಮರದ ದಂಪತಿಗಳನ್ನು ಮದುವೆಯಲ್ಲಿ ಹೆಣ್ಣಿಗೆ ತೌರಿನವರು ಕೊಟ್ಟು ಕಳುಹಿಸುತ್ತಾರೆ. ಒಳ್ಳೆಯವು ರಕ್ತಚಂದನದವು. ಅವರ ಕೆಳಗೆ ದಶಾವತಾರ, ರಾಮನ ಪಟ್ಟಾಭಿಷೇಕ, ಮದುವೆಯ ದಿಬ್ಬಣ. ತೀರ ಕೆಳಗೆ ಹೊಟ್ಟೆ ಬಿಟ್ಟುಕೊಂಡ ಶೆಟ್ಟಿ ಮತ್ತು ಅವನ ಶೆಟ್ಟಿತಿ, ಮುಂದೆ ಅಕ್ಕಿ ಬೇಳೆ ಬೆಲ್ಲಗಳ ಅಂಗಡಿ. ಊರಿನ ಹಬ್ಬ ಶ್ರೀರಂಗಪಟ್ಟಣದಲ್ಲಿ 1610ರಲ್ಲಿ ರಾಜ ಒಡೆಯರಿಂದ ಆರಂಭವಾಯಿತೆಂದು ಚರಿತ್ರೆ ಹೇಳುತ್ತದೆ. 1912ರಲ್ಲಿ ಪೂರೈಸಿದ ಈಗಿನ ಅರಮನೆಯಲ್ಲಿಯೂ ಗೊಂಬೆ ತೊಟ್ಟಿ ಎಂಬುದೊಂದುಂಟು. ಅರಮನೆಯ ವೈಭವವನ್ನು ಪ್ರತಿಯೊಂದು ಮನೆಯೂ ತನ್ನ ನಡುಮನೆಯಲ್ಲಿ, ತನ್ನ ಯೋಗ್ಯತೆಗೆ ತಕ್ಕಂತೆ, ಒಂಬತ್ತು ದಿನ ಆಡಿ ನೋಡುತ್ತದೆ.

ಈ ಬೊಂಬೆಗಳಲ್ಲಿ ನಾಡೆಲ್ಲ ಕೂಡಿಬಂದಿರುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ಚನ್ನಪಟ್ಟಣದ ವಾದ್ಯಗಾರರ ತಂಡವೊಂದಿದೆ. ಚರಕಿಯ ಮೇಲೆ ತಿರುಗುವ ಮರಕ್ಕೆ ಅರಗಿನ ಬಣ್ಣವನ್ನು ಒತ್ತಿ ಹಿಡಿದು ಮಾಡಿದುದರಿಂದ ಐವತ್ತು ವರ್ಷ ಕಳೆದರೂ ಅವರ ಕೆನ್ನೆಯ ಹೊಳಪು ಮಾಸಿಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗರುಡನೊಬ್ಬನಿದ್ದಾನೆ. ಹಗುರವಾದ ಮರ, ಮೇಲೆ ಹುಣಿಸೆ ಬೀಜದ ಅಂಟಿನ ಲೇಪ. ದೇವರಾಜ ಮಾರುಕಟ್ಟೆಯ ಬಳಿ ಬುಟ್ಟಿಯಲ್ಲಿಟ್ಟು ಮಾರುತ್ತಿದ್ದ ಮಣ್ಣಿನ ಗಿಳಿಗಳು, ಮೂಗು ಮುರಿದ ಒಬ್ಬ ಪೋಲೀಸು, ತಲೆಯಾಡಿಸುವ ತಂಜಾವೂರಿನ ನರ್ತಕಿ ಇವರೂ ಇದ್ದಾರೆ.

ಮೆಟ್ಟಿಲುಗಳನ್ನು ಕಟ್ಟುವುದು ನಮ್ಮ ತಂದೆಯವರ ಅಧಿಕಾರವಾಗಿತ್ತು. ಕೆಳಗೆ ಅಕ್ಕಿಯ ಡಬ್ಬಗಳು, ಅವುಗಳ ಮೇಲೆ ಅಡ್ಡಹಲಗೆ; ಹಿಂದೆ ಟ್ರಂಕುಗಳು; ಅವುಗಳ ಹಿಂದೆ ಮೇಜು; ಮೇಜಿನ ಮೇಲೆ ಊಟದ ಮಣೆಗಳನ್ನು ಪೇರಿಸಿ ಮತ್ತೊಂದು ಹಲಗೆ. ತೆಳುವಾಗಿ ಕಂಡ ಕಡೆ ವಿಜ್ಞಾನದ ಹಳೆಯ ಪಠ್ಯಪುಸ್ತಕಗಳನ್ನು ಒಟ್ಟುತ್ತಿದ್ದರು. ಮೇಲೆ ಅಗಸನ ಮನೆಯಿಂದ ಬಂದ ಪಂಚೆ ಹಾಸಿದ ಮೇಲೆ ಒಳಗೆ ಏನಿದೆಯೆಂದು ಬ್ರಹ್ಮನಿಗೂ ತಿಳಿಯದು. ಒಂಬತ್ತು ದಿನ ಟ್ರಂಕಿನಲ್ಲಿದ್ದ ಬಟ್ಟೆ ಯಾರಿಗೂ ಸಿಗದು; ಡಬ್ಬದ ಅಕ್ಕಿ ಸಿಗದೆ ನಾವು ಅಂಗಡಿಯಿಂದ ಸೇರು ಸೇರಾಗಿ ತಂದದ್ದೂ ಉಂಟು. ತಾಯಿಯವರು ಬೊಂಬೆಗಳಿಗೆ ಸೀರೆ ಉಡಿಸುವರು. ಪಟ್ಟದ ರಾಜನಿಗೆ ಜರಿಯ ಪಟ್ಟಿಯಿಂದ ಮೈಸೂರು ಪೇಟ ಕಟ್ಟುವುದು ಮಾತ್ರ ತಂದೆಯವರ ಕೆಲಸ. ನಿಂಬೆಯ ಹಣ್ಣಿಗಿಂತ ದೊಡ್ಡದಲ್ಲದ ಆ ತಲೆಗೆ ಅವರು ಅರ್ಧ ಗಂಟೆ ವಿನಿಯೋಗಿಸುತ್ತಿದ್ದರು. 2020ರಲ್ಲಿಯೂ 2021ರಲ್ಲಿಯೂ ಸಾಂಕ್ರಾಮಿಕದ ದೆಸೆಯಿಂದ ಜಂಬೂ ಸವಾರಿ ಅರಮನೆಯ ಆವರಣದೊಳಗೇ ಮುಗಿದು, ಬೀದಿಯ ಮಕ್ಕಳಾರೂ ಬೊಂಬೆ ನೋಡಲು ಬಾರದಿದ್ದಾಗಲೂ ಅವರು ಪೇಟ ಕಟ್ಟುವುದನ್ನು ಬಿಡಲಿಲ್ಲ.

ಅಕ್ಟೋಬರಿನ ಮೊದಲ ವಾರದಲ್ಲಿ ನಮ್ಮ ತಾಯಿ ಬೊಂಬೆಯ ಪೆಟ್ಟಿಗೆಯ ಬೀಗದ ಕೈಯನ್ನು ನನ್ನಾಕೆಗೆ ಕೊಟ್ಟು, "ಈ ಸಲದಿಂದ ಇದು ನಿನ್ನದಮ್ಮಾ. ನಿನ್ನ ತೌರಿನ ಪಟ್ಟದ ಬೊಂಬೆ ಇದೆಯಲ್ಲ, ಅದನ್ನು ಕೂರಿಸು. ನನ್ನದು ಪೆಟ್ಟಿಗೆಯಲ್ಲೇ ಇರಲಿ. ನಾನು ದೂರದಲ್ಲಿ ಕುಳಿತು ನೋಡುತ್ತೇನೆ" ಎಂದರು.

ಸ್ವರದಲ್ಲಿ ಏರಿಳಿತವಿರಲಿಲ್ಲ. ಆದರೆ ಆ ಮಾತಿನ ಹಿಂದಿದ್ದುದನ್ನು ವಿವರಿಸಬೇಕಾಗಿಲ್ಲ. ಮುತ್ತೈದೆಯರು ಸೇರುವ ಜಾಗದಲ್ಲಿ ತಮ್ಮ ಕೈ ಮುಂದಾಗಬಾರದೆಂಬ ಹಳೆಯ ನಂಬಿಕೆ. ರಾಜನಿಲ್ಲದ ಮೇಲೆ ರಾಜ ರಾಣಿಯರ ಜೋಡಿಯನ್ನು ಮೇಲೆ ಕೂರಿಸುವುದೇನು ಚೆನ್ನ ಎಂಬ ಸಂಕೋಚ. ನೆರೆಹೊರೆಯವರು ಏನೆಂದಾರೆಂಬ ಅಳುಕು. 1979ರಲ್ಲಿ ಅವರ ಜೊತೆಯಲ್ಲಿ ಈ ಸಂಸಾರಕ್ಕೆ ಕಾಲಿಟ್ಟ ಬೊಂಬೆಗಳು ಅವು. ಪೆಟ್ಟಿಗೆಯಲ್ಲೇ ಇರಲಿ ಎಂದಾಗ, ಅವರು ಬೊಂಬೆಗಳ ವಿಷಯವನ್ನಷ್ಟೇ ಹೇಳುತ್ತಿರಲಿಲ್ಲ.

ನನ್ನಾಕೆ ಬೀಗದ ಕೈಯನ್ನು ತೆಗೆದುಕೊಂಡಳು, ವಾದ ಮಾಡಲಿಲ್ಲ. ರಾತ್ರಿ ಅಡಿಗೆಮನೆಯನ್ನು ತೊಳೆಯುವಾಗ ಮಾತ್ರ, "ಅತ್ತೆ, ಅರಮನೆಯಲ್ಲಿ ಏನು ಮಾಡಿದರು?" ಎಂದು ಕೇಳಿದಳು. ಶ್ರೀಕಂಠದತ್ತ ನರಸಿಂಹರಾಜ ಒಡೆಯರು 2013ರ ಡಿಸೆಂಬರಿನಲ್ಲಿ ತೀರಿಕೊಂಡರು. ಮರುವರ್ಷ, 2014ರ ನವರಾತ್ರಿಯಲ್ಲಿ, ಸಿಂಹಾಸನವನ್ನೇರುವವರಿರಲಿಲ್ಲ. ಆದರೂ ಖಾಸಗಿ ದರ್ಬಾರು ನಿಲ್ಲಲಿಲ್ಲ. ಸಿಂಹಾಸನದ ಮೇಲೆ ಪಟ್ಟದ ಕತ್ತಿಯನ್ನಿರಿಸಿದರು. ಪ್ರಮೋದಾದೇವಿ ಒಡೆಯರ್ ಅವರೇ ಮುಂದೆ ನಿಂತು ಎಲ್ಲವನ್ನೂ ನಡೆಸಿದರು. ಮೈಸೂರಿನವರಿಗೆಲ್ಲ ತಿಳಿದ ಸಂಗತಿ ಇದು. ನಮ್ಮ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅರಮನೆಯ ಮಾತು ಬೇರೆ ಕಣಮ್ಮಾ" ಎಂದರು. "ಬೇರೆ ಸರಿ. ಆದರೆ ಬೊಂಬೆ ನಿಮ್ಮದು ಅತ್ತೆ. ಪೆಟ್ಟಿಗೆಯಲ್ಲಿದ್ದರೂ ನಿಮ್ಮದೇ, ಮೆಟ್ಟಿಲ ಮೇಲಿದ್ದರೂ ನಿಮ್ಮದೇ" ಎಂದು ನನ್ನಾಕೆ ದೀಪ ಆರಿಸಿದಳು.

ವಿಷಯ ಅಲ್ಲಿಗೆ ನಿಲ್ಲುತ್ತಿತ್ತೋ ಏನೋ. ಮುಂದಕ್ಕೆ ತಳ್ಳಿದುದು ನಮ್ಮ ಮಗಳ ಪಾರ್ಕು.

ಬೊಂಬೆಗಳ ಮುಂದೆ ನೆಲದ ಮೇಲೆ ಮಕ್ಕಳು ಪಾರ್ಕು ಮಾಡುವುದು ನಮ್ಮ ಕಡೆಯ ರೂಢಿ. ಕನ್ನಡಿಯ ಚೂರೊಂದು ಕೆರೆಯಾಗುತ್ತದೆ. ಕಲ್ಲು ಮಣ್ಣು ಗುಡ್ಡೆ ಹಾಕಿ ಚಾಮುಂಡಿಬೆಟ್ಟ. ಅದಕ್ಕೆ ಬೆಂಕಿಪೆಟ್ಟಿಗೆಯ ಮೆಟ್ಟಿಲು. ಒಂದು ಬದಿಗೆ ಮೃಗಾಲಯ. ಹಸಿರು ಬೇಕೆಂದು ಹಲವು ದಿನ ಮೊದಲೇ ತಟ್ಟೆಗಳಲ್ಲಿ ರಾಗಿ, ಸಾಸಿವೆ, ಮೆಂತ್ಯ ಬಿತ್ತಿ ಪೈರು ಬೆಳೆಸಬೇಕು. ಆ ವರ್ಷ ಪಾರ್ಕಿಗೆ ಹೊಸ ವಿಷಯವೂ ಸಿಕ್ಕಿತ್ತು. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಚಂದ್ರನ ದಕ್ಷಿಣ ಧ್ರುವದ ಸಮೀಪದಲ್ಲಿ ಇಳಿದಿದ್ದಿತು. ಆದುದರಿಂದ ಚಾಮುಂಡಿಬೆಟ್ಟದ ಪಕ್ಕದಲ್ಲಿಯೇ ಚಂದ್ರಲೋಕವೂ ಇರತಕ್ಕದ್ದೆಂದು ಮಕ್ಕಳು ನಿಶ್ಚಯಿಸಿದರು. ಬೂದಿಯ ಮೇಲೆ ಲೋಟದ ಅಂಚನ್ನೊತ್ತಿ ಕುಳಿಗಳು. ಬೆಂಕಿಪೆಟ್ಟಿಗೆಗೆ ಚಿನ್ನದ ಬಣ್ಣದ ಕಾಗದ ಸುತ್ತಿ ವಿಕ್ರಮ್. ನಾಲ್ಕು ಕಾಲಿಗೆ ಊದಿನಕಡ್ಡಿಯ ಬುಡಗಳು.

ಆದರೆ ಮಗಳ ಪೈರು ಮೇಲೇಳಲಿಲ್ಲ. ಅವಳು ತಟ್ಟೆಯ ತುಂಬ ನೀರು ಸುರಿದಿದ್ದಳು. ರಾಗಿ ತೇಲಾಡಿ ಒಂದು ಕಡೆ ಗುಂಪಾಗಿ ಕೊಳೆಯತೊಡಗಿತು. ಪಾಡ್ಯಕ್ಕೆ ಇನ್ನು ಐದೇ ದಿನ. ಅವಳು ಅಳುತ್ತ ಅಜ್ಜಿಯ ಬಳಿಗೆ ಹೋದಳು. ಅರಿಸಿನ ಕುಂಕುಮಕ್ಕೆ ಕೈ ಹಿಂದೆಗೆದುಕೊಳ್ಳಬಹುದು. ಅಳುವ ಮೊಮ್ಮಗಳಿಗೆ ಹಾಗೆ ಮಾಡಲಾಗುವುದೇ? ನಮ್ಮ ತಾಯಿ ಸೆರಗು ಬಿಗಿದರು. ಹಿತ್ತಲಿನ ಮಣ್ಣನ್ನು ಜರಡಿ ಹಿಡಿದು, ಗೊಬ್ಬರ ಬೆರೆಸಿ, "ರಾಗಿಯನ್ನು ಒತ್ತಾಗಿ ಬಿತ್ತಬೇಕು ಮರಿ, ಮೆಂತ್ಯವನ್ನು ರಾತ್ರಿ ನೆನೆಸಿ ಬಿಡಿಬಿಡಿಯಾಗಿ ಹಾಕಬೇಕು. ನೀರು ಹುಯ್ಯಬಾರದು, ಬೆರಳಲ್ಲಿ ಚಿಮುಕಿಸಬೇಕು. ಮೇಲೆ ಒದ್ದೆ ಬಟ್ಟೆ ಮುಚ್ಚು" ಎಂದು ತೋರಿಸಿಕೊಟ್ಟರು. ಮೂರನೆಯ ಬೆಳಿಗ್ಗೆ ಬಟ್ಟೆ ತೆಗೆದಾಗ ಬಿಳಿಯ ಮೊಳಕೆಗಳು ತಲೆ ಎತ್ತಿದ್ದುವು. ಅಂದು ಅಜ್ಜಿ ಮೊಮ್ಮಗಳಿಬ್ಬರೂ ಕಾಫಿಯನ್ನು ಮರೆತು ತಟ್ಟೆಯ ಮುಂದೆ ಕುಳಿತಿದ್ದರು.

ಆಮೇಲೆ ಒಂದರಿಂದ ಒಂದು ಬಂದಿತು. ಮೆಟ್ಟಿಲುಗಳಿಗಾಗಿ ಸಿದ್ಧವಾದ ಕಬ್ಬಿಣದ ಚೌಕಟ್ಟನ್ನು ತರೋಣವೆಂದು ನಾನು ಹೇಳಿದ್ದೆ. ಅದಕ್ಕೆ ನಟ್ಟು ಬೋಲ್ಟುಗಳಷ್ಟೇ ಸಾಕು, ಅಕ್ಕಿಯ ಡಬ್ಬಗಳನ್ನು ಅಡಿಗೆಮನೆಯಲ್ಲಿಯೇ ಬಿಡಬಹುದು. ಮಕ್ಕಳು ಟ್ರಂಕುಗಳೇ ಬೇಕೆಂದರು. ಟ್ರಂಕು ಬಂದರೆ ಅವನ್ನು ಒಟ್ಟುವ ಕ್ರಮ ಬೇಕು. ಯಾವುದರ ಮೇಲೆ ಯಾವುದು ಎಂಬುದನ್ನು ಬಲ್ಲವರು ಒಬ್ಬರೇ. ತಾಯಿಯವರು ತಂದೆಯವರ ಬೆತ್ತದ ಕುರ್ಚಿಯಲ್ಲಿ, ಹೊಸ ಗೋಡೆಗೆ ತಲೆ ತಾಗಿಸದೆ ಕುಳಿತು, "ಕರಿಯ ಟ್ರಂಕು ಎಡಕ್ಕೆ. ಅದರ ಕಾಲು ಕುಂಟು, ಪುಸ್ತಕ ಕೊಡು. ಇನ್ನೊಂದು ಕೊಡು" ಎಂದು ಅಪ್ಪಣೆ ಕೊಡುತ್ತಿದ್ದರು. ನಾನು ಹೊರುತ್ತಿದ್ದೆ. ಏಳು ಮೆಟ್ಟಿಲು ಮುಗಿಯುವ ವೇಳೆಗೆ ಮಹಾಲಯ ಅಮಾವಾಸ್ಯೆಯ ಸಂಜೆಯಾಗಿತ್ತು.

ನನ್ನಾಕೆ ಎರಡು ಜೋಡಿಗಳನ್ನೂ ಪೆಟ್ಟಿಗೆಯಿಂದ ತೆಗೆದು ಜಮಖಾನದ ಮೇಲಿಟ್ಟಿದ್ದಳು. ತನ್ನ ತೌರಿನ ಜೋಡಿಗೆ ಬಟ್ಟೆ ಉಡಿಸಿ, ಅತ್ತೆಯ ರಾಣಿಗೂ ಸೀರೆ ಉಡಿಸಿದಳು. ರಾಜನ ಪೇಟ ಉಳಿಯಿತು. ಜರಿಯ ಪಟ್ಟಿಯನ್ನು ಮಗಳು ಸುತ್ತಿ ನೋಡಿದಳು, ಬಿಚ್ಚಿಹೋಯಿತು. ನನ್ನಾಕೆ ಸುತ್ತಿ ನೋಡಿದಳು, ಮುಂಡಾಸಾಯಿತು. ನಾನು ಸುತ್ತಿದಾಗ ತಲೆನೋವಿನ ಪಟ್ಟಿಯಂತಿದೆಯೆಂದು ಮಗ ನಕ್ಕ. ನಮ್ಮ ತಾಯಿ ಕುರ್ಚಿಯಿಂದ ನೋಡುತ್ತಿದ್ದವರು, "ಅದು ಹಾಗಲ್ಲ" ಎಂದರು. ಮತ್ತೆ, "ಮೊದಲು ಓರೆಯಾಗಿ ಮಡಿಸಬೇಕು" ಎಂದರು. ಮತ್ತೆ, "ಇಲ್ಲಿ ಕೊಡು" ಎಂದರು.

ನಲವತ್ತಮೂರು ವರ್ಷ ಪಕ್ಕದಲ್ಲಿ ಕುಳಿತು ನೋಡಿದ ಕೆಲಸ, ಒಂದು ಸಲವೂ ಕೈಯಿಂದ ಮಾಡಿದುದಲ್ಲ. ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರು. ತಂದೆಯವರೂ ಹಾಗೆಯೇ ಹಿಡಿಯುತ್ತಿದ್ದರು. ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು, ಹಿಂದೆ ಸಿಕ್ಕಿಸಿ, ಮುಂದೆ ಜರಿಯಂಚನ್ನು ಹೊರಕ್ಕೆ ತಂದರು. ಎಲ್ಲರೂ ಉಸಿರು ಬಿಗಿಹಿಡಿದಿದ್ದೆವು. ಪೇಟ ನಿಂತಿತು. ಅವರು ರಾಜನನ್ನು ಅಂಗೈಯಲ್ಲಿಟ್ಟು ದೀಪದ ಕಡೆಗೆ ತಿರುಗಿಸಿ ನೋಡಿ, ಎದ್ದು, ಏಣಿಯ ಎರಡನೆಯ ಮೆಟ್ಟಿಲ ಮೇಲೆ ನಿಂತು, ಮೇಲಿನ ಸಾಲಿನಲ್ಲಿ ಇಟ್ಟರು. ರಾಣಿಯನ್ನೂ ಕೇಳಿ ತೆಗೆದುಕೊಂಡು ಪಕ್ಕದಲ್ಲಿಟ್ಟರು. "ಇಬ್ಬರನ್ನೂ ಸ್ವಲ್ಪ ಬಲಕ್ಕೆ ಸರಿಸಬೇಕು. ನಿನ್ನ ಜೋಡಿಗೂ ಜಾಗ ಬೇಕಲ್ಲ" ಎಂದು ನನ್ನಾಕೆಗೆ ಹೇಳಿದರು. ಮಾವಿನ ಚಿಗುರಿನ ಗೋಡೆಯ ಮುಂದೆ ಆ ವರ್ಷ ಇಬ್ಬರು ರಾಜರು, ಇಬ್ಬರು ರಾಣಿಯರು ಪಟ್ಟವೇರಿದರು.

ಒಂಬತ್ತು ಸಂಜೆಗಳೂ ಮನೆ ತುಂಬಿತು. "ಬೊಂಬೆ ಕೂರಿಸಿದ್ದೀರಾ?" ಎಂದು ಕೇಳಿಕೊಂಡು ಮಕ್ಕಳ ಗುಂಪುಗಳು ಬಂದುವು, ಕಡಲೆಕಾಳಿನ ಗುಗ್ಗರಿಗೂ ಕೊಬ್ಬರಿ ಮಿಠಾಯಿಗೂ ಕೈ ಚಾಚಿದುವು, ಚಂದ್ರಲೋಕದ ಕುಳಿಗಳನ್ನು ಬೆರಳಿನಿಂದ ಅಳೆದುವು. ಮುತ್ತೈದೆಯರಿಗೆ ಅರಿಸಿನ ಕುಂಕುಮವನ್ನು ನನ್ನಾಕೆ ಕೊಟ್ಟಳು. ಆದರೆ ಬೊಂಬೆಗಳ ಪಕ್ಕದಲ್ಲಿ ಬೆತ್ತದ ಕುರ್ಚಿಯನ್ನು ಹಾಕಿ ಅತ್ತೆಯನ್ನು ಅಲ್ಲಿಯೇ ಕೂರಿಸಿದ್ದಳು. ಬಂದ ಮಕ್ಕಳಿಗೆ ಮತ್ಸ್ಯ ಯಾರು, ಕೂರ್ಮ ಯಾರು, ಪೋಲೀಸಿನ ಮೂಗು ಮುರಿದದ್ದು ಹೇಗೆ, ಎಲ್ಲವನ್ನೂ ಹೇಳುವುದು ಅವರ ಪಾಲಿಗೆ ಬಂದಿತು. ನೆರೆಮನೆಯ ವೃದ್ಧೆಯೊಬ್ಬರು ಕನ್ನಡಕ ಸರಿಪಡಿಸಿಕೊಂಡು ಮೇಲಿನ ಸಾಲನ್ನು ಬಹಳ ಹೊತ್ತು ನೋಡಿದರು. ನಾವು ಕಾಯುತ್ತಿದ್ದ ಮಾತು ಈಗ ಬರುವುದೆಂದು ನನ್ನ ಎದೆ ಡವಗುಟ್ಟಿತು. "ಪೇಟ ಯಾರು ಕಟ್ಟಿದ್ದು?" ಎಂದು ಅವರು ಕೇಳಿದರು. "ನಾನೇ" ಎಂದರು ನಮ್ಮ ತಾಯಿ. "ಚೆನ್ನಾಗಿದೆ. ಮೇಷ್ಟ್ರು ಕಟ್ಟಿದ್ದಕ್ಕಿಂತ ಒಂದಿಷ್ಟು ಓರೆ" ಎಂದು ಅವರು ಗುಗ್ಗರಿಯ ಬಟ್ಟಲನ್ನು ಕೈಗೆತ್ತಿಕೊಂಡರು. ನಮ್ಮ ತಾಯಿ ನಕ್ಕರು. ಆ ವೃದ್ಧೆಯ ದೊಡ್ಡತನವನ್ನು ನಾನು ಮರೆಯಲಾರೆ.

ಮನೆಯನ್ನು ಅಲಂಕರಿಸುವುದೆಂದರೆ ಹಳೆಯದನ್ನು ಒರಸಿ ಹೊಸದನ್ನು ತರುವುದೆಂದು ಜನ ತಿಳಿಯುತ್ತಾರೆ. ಅದು ಅರ್ಧ ಮಾತ್ರ ನಿಜ. ಗೋಡೆಯ ಎಣ್ಣೆಕಲೆ ಹೋಗಬೇಕಾದುದೇ. ಅದನ್ನು ಉಜ್ಜಲು ಹೇಳಿದವರೂ ಅವರೇ. ಆದರೆ ಕಲೆ ಹೋದ ಮನೆಯಲ್ಲಿ, ಅದನ್ನು ನೋಡಿಕೊಂಡು ಬಾಳಿದವರಿಗೆ ಒಂದು ಕೆಲಸ ಉಳಿಯಬೇಕು. ವೃದ್ಧರಿಗೆ ನಾವು ಹೊಸ ಹಾಸಿಗೆ, ಹೊಸ ಫ್ಯಾನು, ಮೃದುವಾದ ಕುರ್ಚಿ ಎಲ್ಲವನ್ನೂ ಕೊಡುತ್ತೇವೆ. ಅವರ ಕೈಯಲ್ಲಿದ್ದ ಕೆಲಸವನ್ನು ಮಾತ್ರ ಗೌರವದ ಹೆಸರಿನಲ್ಲಿ ಕಸಿದುಕೊಳ್ಳುತ್ತೇವೆ. ಬಣ್ಣ ಹೊಡೆಸಿದ ಮನೆ ಅವರಿಗೆ ಪರಕೀಯವಾಗಿ ಕಾಣುವುದು ಬಣ್ಣದಿಂದಲ್ಲ. ಮೆಂತ್ಯವನ್ನು ಯಾವಾಗ ನೆನೆಸಬೇಕು, ಕುಂಟು ಟ್ರಂಕಿಗೆ ಎಷ್ಟು ಪುಸ್ತಕ ಬೇಕು ಎಂಬುದನ್ನು ಯಾರೂ ಕೇಳದಿದ್ದಾಗ ಮನೆ ಪರಕೀಯವಾಗುತ್ತದೆ.

ವಿಜಯದಶಮಿಯ ರಾತ್ರಿ ಪಟ್ಟದ ಬೊಂಬೆಗಳನ್ನು ಮಲಗಿಸಿದೆವು. ಮರುದಿನ ಎಲ್ಲವನ್ನೂ ಹಳೆಯ ಪತ್ರಿಕೆಗಳಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುವಾಗ, ಅಜ್ಜಿ ಕಟ್ಟಿದ ಪೇಟವನ್ನು ಹಾಗೆಯೇ ಇಡೋಣವೆಂದು ಮಗಳು ಹಟ ಹಿಡಿದಳು. "ಬೇಡ ಮರಿ. ಕಟ್ಟಿದ ಹಾಗೇ ಇಟ್ಟರೆ ಮಡಿಕೆಯಲ್ಲಿ ಜರಿ ಮುರಿಯುತ್ತೆ. ಬಿಚ್ಚಿ ಸುರುಳಿ ಸುತ್ತು. ಮುಂದಿನ ವರ್ಷ ನೀನು ಕಟ್ಟು, ನಾನು ಹೇಳಿಕೊಡುತ್ತೇನೆ" ಎಂದು ನಮ್ಮ ತಾಯಿ ಪಟ್ಟಿಯನ್ನು ಬಿಚ್ಚಿ ಅವಳ ಕೈಗೆ ಕೊಟ್ಟರು. 2024ರ ಅಕ್ಟೋಬರಿನಲ್ಲಿ ಅವಳೇ ಕಟ್ಟಿದಳು. ಅದು ಅಜ್ಜಿ ಕಟ್ಟಿದ್ದಕ್ಕಿಂತಲೂ ಓರೆಯಾಗಿತ್ತು.